ಗಂಜಿ, ಗಡಿಗೆ ಮತ್ತು ನನ್ನ ಬೆಳಗಿನ ನಿದ್ದೆ

ಅಂಗಳ ಗುಡಿಸಬೇಕು. ನೀರು ಚಿಮುಕಿಸಬೇಕು. ಕಣ್ಣು ಅರ್ಧ ಮುಚ್ಚಿಕೊಂಡೇ ರಂಗೋಲಿ ಎಳೆಯಬೇಕು (ನಮ್ಮ ಮನೆ ಮುಂದಿನ ರಂಗೋಲಿ ಯಾಕೆ ಒಂದು ಕಡೆಗೆ ವಾಲಿರುತ್ತದೆ ಎಂದು ಕೇಳುವವರಿಗೆ ಇದೇ ಉತ್ತರ). ನಲ್ಲಿಯಲ್ಲಿ ನೀರು ಬಂದಿದ್ದರೆ ಹಿಡಿಯಬೇಕು, ಬಂದಿರದಿದ್ದರೆ ಬಂತಾ ಬಂತಾ ಎಂದು ಅದಕ್ಕೊಂದು ಕಿವಿ ಕೊಟ್ಟುಕೊಂಡೇ ಉಳಿದದ್ದನ್ನು ಮಾಡಬೇಕು. ಗಂಡನ ಸ್ನಾನಕ್ಕೆ ನೀರು ಕಾಯಿಸಬೇಕು. ಹಾಲು ಕಾಯಿಸಬೇಕು, ಅದು ಉಕ್ಕದಂತೆ ಕಾವಲು ಕಾಯಬೇಕು. ಜೋಳದ ಹಿಟ್ಟಿಗೆ ಬಿಸಿನೀರು ಹುಯ್ದು ನಾದಿ ರೊಟ್ಟಿ ಬಡಿಯಬೇಕು. ಪಕ್ಕದ ಒಲೆಯ ಮೇಲೆ ಪಲ್ಯ ಬಾಡಿಸಬೇಕು. ಗಂಡನ ಡಬ್ಬಿ, ಮಗಳ ಡಬ್ಬಿ. ನಾಷ್ಟಕ್ಕೆ ಉಪ್ಪಿಟ್ಟೋ ಚಿತ್ರಾನ್ನವೋ. ಅತ್ತೆಗೆ ಅಂಬಲಿ: ಮೂಲೆಯ ಕಪ್ಪು ಗಡಿಗೆಯಿಂದ, ತಳ ಕೆದಕದ ಹಾಗೆ ಸೌಟಿನಲ್ಲಿ ಎತ್ತಿ, ಮಜ್ಜಿಗೆ ಬೆರೆಸಿ, ಉಳ್ಳಾಗಡ್ಡಿ ಹೆಚ್ಚಿ ಹಾಕಿ ಕೊಡಬೇಕು. ಕೊನೆಗೆ ಹಿತ್ತಲ ಬಾಗಿಲಲ್ಲಿ ಮುಸುರೆ ಬಕೆಟ್ ಇಡಬೇಕು. ಅಕ್ಕಿ ತೊಳೆದ ನೀರು, ತಟ್ಟೆಯಲ್ಲಿ ಉಳಿದದ್ದು, ಪಾತ್ರೆಯಲ್ಲಿ ಬಳಿದದ್ದು ಎಲ್ಲ ಅದರೊಳಗೆ. ಪಕ್ಕದ ಮನೆಯ ನಾಗಲಿಂಗಮ್ಮ ತನ್ನ ಎಮ್ಮೆಗೆಂದು ಅದನ್ನು ಒಯ್ಯುತ್ತಾಳೆ.

ಇಷ್ಟೆಲ್ಲ ಆದ ಮೇಲೆ ಸೂರ್ಯ ಹುಟ್ಟುತ್ತಾನೆ. ಆಗ ನಮ್ಮ ಯಜಮಾನರು ಎದ್ದು, ಮೈಮುರಿದು, "ಬೆಳಗಾತೇನು?" ಎಂದು ಕೇಳುತ್ತಾರೆ. ನನಗೆ ಆಗಲೇ ಮಧ್ಯಾಹ್ನ ತಿರುಗಿರುತ್ತದೆ.

ನಮ್ಮದು ಕೊಟ್ಟೂರು. ಯಜಮಾನರ ಹೆಸರು ಮೈಲಾರೇಶ್. ಕೂಡ್ಲಿಗಿಯ ಒಂದು ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂರುವ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ, ಆ ಬಸ್ಸಿನಲ್ಲಿ ಕೂತು ಬಂದ ದಣಿವಿಗೆ ಮನೆಗೆ ಬಂದು ಮಲಗುತ್ತಾರೆ. ಅತ್ತೆ ದ್ಯಾಮಕ್ಕ, ಹೊಸಹಳ್ಳಿ ಕಡೆಯ ಕುರಿ ಕಾಯುವ ಮನೆತನದ ಮಗಳು. ಕುರಿ ಬಿಟ್ಟು ಬಹಳ ವರ್ಷವಾದರೂ ನಮ್ಮನ್ನೆಲ್ಲ ಈಗಲೂ "ಹ್ಞೂಂ, ನಡೀರಿ" ಎಂದೇ ಮಾತಾಡಿಸುತ್ತಾರೆ. ಮಗಳು ರೋಜಾ ಪಿಯುಸಿ ಓದುತ್ತಾಳೆ, ಓದು ಫೋನಿನೊಳಗೆ ಇದೆ ಎನ್ನುತ್ತಾಳೆ. ನಾನು ರೇಣುಕಾ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹಾಗಾಗಿ ಯಾರಾದರೂ ಕೇಳಿದರೆ ನಮ್ಮವರು, "ನಮ್ಮಾಕಿ ಮನ್ಯಾಗ ಆರಾಮ ಅದಾಳ" ಎಂದು ಹೇಳುತ್ತಾರೆ.

ನನಗೆ ಈ ಲೋಕದಲ್ಲಿ ಚಿನ್ನ ಬೇಡ, ಸೀರೆ ಬೇಡ (ಕೊಟ್ಟರೆ ಬೇಡ ಎನ್ನುವುದಿಲ್ಲ). ಬೇಕಾದದ್ದು ಒಂದೇ. ಕತ್ತಲು ಕರಗಿ ಬೆಳಕು ಹರಿಯುವ ಆ ಹೊತ್ತಿನಲ್ಲಿ, ಮೈಗೆ ಸ್ವಲ್ಪ ಚಳಿ ತಾಗುತ್ತಿರುವಾಗ, ಹೊದಿಕೆಯನ್ನು ಕುತ್ತಿಗೆ ತನಕ ಎಳೆದುಕೊಂಡು ಮಾಡುವ ಒಂದು ಗಂಟೆಯ ನಿದ್ದೆ. ಮದುವೆಗೆ ಮುಂಚೆ ಅದನ್ನು ಮಾಡಿದ್ದ ನೆನಪಿದೆ. ಆಮೇಲೆ ಅದು ಹೋದದ್ದು ಹೋಯಿತು.

ಹೀಗಿರಲಾಗಿ ಒಂದು ರಾತ್ರಿ ಊಟದ ಹೊತ್ತಿಗೆ ಯಜಮಾನರ ಫೋನಿನಲ್ಲಿ ಯಾರೋ ಡಾಕ್ಟರು ಮಾತಾಡುತ್ತಿದ್ದರು. "ಬೆಳಗಿನ ಉಪಾಹಾರಕ್ಕೆ ಸಿರಿಧಾನ್ಯದ ಗಂಜಿ ಕುಡಿಯಿರಿ, ರಕ್ತ ಶುದ್ಧಿಯಾಗುತ್ತದೆ, ಬೊಜ್ಜು ಇಳಿಯುತ್ತದೆ, ಮನಸ್ಸು ಪ್ರಫುಲ್ಲವಾಗುತ್ತದೆ." ಉಳಿದವರಿಗೆ ಕೇಳಿದ್ದು ಆರೋಗ್ಯ. ನನಗೆ ಕೇಳಿದ್ದು ಬೇರೆ. ಒಂದು ಪಾತ್ರೆ. ಒಂದು ಸೌಟು. ಕುದಿಸು, ಹುಯ್ಯಿ, ಕುಡಿಸು. ರೊಟ್ಟಿ ಬಡಿಯುವಂತಿಲ್ಲ, ಒಗ್ಗರಣೆ ಸಿಡಿಯುವಂತಿಲ್ಲ. ರೊಟ್ಟಿ ಹಿಡಿದಿದ್ದ ಕೈ ಹಾಗೇ ನಿಂತಿತು. ನನ್ನ ಕಳೆದುಹೋದ ನಿದ್ದೆ ಆ ಡಾಕ್ಟರ ಬಾಯಿಂದ ಇಳಿದು ಬಂದು ನನ್ನ ಪಕ್ಕದಲ್ಲಿ ಕೂತಂತಾಯಿತು.

ತಟ್ಟೆ ಎತ್ತುವ ಮುಂಚೆಯೇ ಅಖಿಲ ಕುಟುಂಬ ಮಹಾಸಭೆಯನ್ನು ಉದ್ದೇಶಿಸಿ ಘೋಷಿಸಿದೆ. "ನಾಳಿಂದ ನಮ್ಮ ಮನ್ಯಾಗ ನಾಷ್ಟಕ್ಕ ನವಣಿ ಗಂಜಿ."

"ಯಾಕ, ಯಾರಿಗೆ ಜ್ವರ ಬಂದೈತಿ?" ಎಂದರು ಅತ್ತೆ.

"ಯಾರಿಗೂ ಬಂದಿಲ್ಲತ್ತಿ. ಬರಬಾರ್ದು ಅಂತ."

"ಜ್ವರ ಬರೋಕಿಂತ ಮೊದಲ ಗಂಜಿ ಕುಡಿಯೋದು, ಸಾಯೋಕಿಂತ ಮೊದಲ ಅಳೋದು. ಚಲೋ ಐತಿ ನಿಮ್ದು."

"ಮಮ್ಮಿ, ಗಂಜಿ ಅನಬ್ಯಾಡ," ಎಂದಳು ರೋಜಾ, ಫೋನಿನಿಂದ ತಲೆ ಎತ್ತದೆ. "ಪಾರಿಡ್ಜ್ ಅನ್ನು. ಕುಡಿಯಾಕ ಮನಸ್ಸು ಬರ್ತೈತಿ."

ಯಜಮಾನರು ತಮ್ಮ ಹೊಟ್ಟೆಯನ್ನೊಮ್ಮೆ ಪ್ರೀತಿಯಿಂದ ನೋಡಿಕೊಂಡರು. "ಇದು ಇಳಿತೈತೇನು?"

"ಇಳಿಯೋದಂದ್ರ! ದೀಪಾವಳಿ ಹೊತ್ತಿಗೆ ನಿಮ್ಮ ಪ್ಯಾಂಟೆಲ್ಲ ನಾನು ಒಳಗ ಹೊಲದು ಸಣ್ಣ ಮಾಡಿ ಕೊಡಬೇಕಾಕ್ಕೈತಿ," ಎಂದೆ. ಆ ಮಾತಿಗೆ ಅವರು ಸೋತರು.

ಮರುದಿನ ದೇವಸ್ಥಾನದ ಮೈಕು ಕೂಗುವ ತನಕ ಮಲಗಿದೆ. ಎದ್ದು ನವಣೆಯ ನುಚ್ಚು ಕುದಿಸಿ, ಉಪ್ಪು ಮಜ್ಜಿಗೆ ಬೆರೆಸಿ ಕೊಟ್ಟೆ. ಎಲ್ಲರೂ ಕುಡಿದರು. ಅತ್ತೆ ಮಾತ್ರ, "ನನ್ನ ಅಂಬ್ಲಿ ನನಗಿರ್ಲಿ, ಇದನ್ನೂ ಕುಡದು ನೋಡ್ತೀನಿ" ಎಂದು ಎರಡನ್ನೂ ಕುಡಿದರು. ನನ್ನ ಯಶಸ್ಸಿಗೆ ನಾನೇ ಬೆರಗಾದೆ. (ಅವತ್ತು ಸರ್ಕಾರಿ ರಜೆ ಎಂಬುದನ್ನು ಆ ಖುಷಿಯಲ್ಲಿ ಗಮನಿಸಿರಲಿಲ್ಲ.)

ಮರುದಿನ ಬೆಳಿಗ್ಗೆ ಯಜಮಾನರು ಬ್ಯಾಗು ಹೆಗಲಿಗೇರಿಸಿ ಕೇಳಿದರು. "ಡಬ್ಬಿ ಎಲ್ಲೈತಿ?"

ಗಂಜಿಯನ್ನು ಡಬ್ಬಿಗೆ ಹಾಕಿ ಕೂಡ್ಲಿಗಿ ಬಸ್ಸಿನಲ್ಲಿ ಕಳಿಸಲು ಬರುವುದಿಲ್ಲ ಎಂಬ ಸಂಗತಿ ನನ್ನ ಮಹಾಯೋಜನೆಯಲ್ಲಿ ಬಿಟ್ಟುಹೋಗಿತ್ತು. ರೊಟ್ಟಿ ಇದ್ದಲ್ಲಿಗೆ ಬಂತು. ಪಲ್ಯ ಇದ್ದಲ್ಲಿಗೆ ಬಂತು. ಹೋದದ್ದು ಉಪ್ಪಿಟ್ಟು ಮಾತ್ರ, ಅದೊಂದೇ ನನಗೆ ಕಣ್ಣು ಮುಚ್ಚಿ ಮಾಡಲು ಬರುತ್ತಿದ್ದದ್ದು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸುತ್ತಿದ್ದೆ. ಆದರೆ ಯಜಮಾನರಿಗೆ ಜ್ಞಾನೋದಯವಾಯಿತು. ಬಸ್ಸಿನಲ್ಲಿ ಹೋಗುತ್ತ ಬರುತ್ತ ಗಂಜಿಯ ವಿಡಿಯೋಗಳನ್ನು ನೋಡತೊಡಗಿದರು.

"ಲೇ ರೇಣುಕಾ, ಹಂಗ ಬರೇ ಕುದಿಸಿದ್ರ ಸತ್ವ ಬರಂಗಿಲ್ಲಂತ. ಕಾಳು ನೆನಿಸಬೇಕು, ಬಟ್ಟಿ ಕಟ್ಟಿ ಮೊಳಕಿ ಬರಸಬೇಕು, ನೆರಳಾಗ ಒಣಗಿಸಬೇಕು, ಹದವಾಗಿ ಹುರೀಬೇಕು, ಆಮ್ಯಾಲ ಬೀಸಿಸಬೇಕು."

"ಯಾರು?"

"ಯಾರು ಅಂದ್ರ?"

"ನೆನಿಸೋರು ಯಾರು, ಒಣಗಿಸೋರು ಯಾರು, ಹುರಿಯೋರು ಯಾರು?"

ಅವರು ಸ್ವಲ್ಪ ಯೋಚಿಸಿದರು. "ಅದನ್ನ ವಿಡಿಯೋದಾಗ ಹೇಳಿಲ್ಲ."

ಹೇಳಬೇಕಾಗಿಯೂ ಇರಲಿಲ್ಲ. ವಾರದೊಳಗೆ ನನ್ನ ಹೊಲಿಗೆ ಮಷಿನ್ನಿನ ಮೇಲೆ, ಗೋಡೆಯ ಮೊಳೆಗಳಲ್ಲಿ, ಕಿಟಕಿಯ ಸರಳಿನಲ್ಲಿ ಒದ್ದೆ ಬಟ್ಟೆಯ ಗಂಟುಗಳು ತೂಗಾಡತೊಡಗಿದವು. ಒಂದರಲ್ಲಿ ನವಣೆ, ಒಂದರಲ್ಲಿ ಸಜ್ಜೆ, ಒಂದರಲ್ಲಿ ರಾಗಿ, ಒಂದರಲ್ಲಿ ಹೆಸರು. ಬ್ಲೌಸ್ ಅಳತೆ ಕೊಡಲು ಬಂದ ಹೆಂಗಸರು ತಲೆ ಬಗ್ಗಿಸಿ ಒಳಗೆ ಬರಬೇಕಾಯಿತು. ಮಾಳಿಗೆಯ ಮೇಲೆ ಕಾಳು ಒಣಹಾಕಿದರೆ ಕೊಟ್ಟೂರಿನ ಗುಬ್ಬಿ ಪಾರಿವಾಳಗಳೆಲ್ಲ ಆರೋಗ್ಯ ಸುಧಾರಿಸಿಕೊಳ್ಳಲು ಬಂದವು. ಗಿರಣಿಯವನು ಒಂದು ಸಲ ಮೆಣಸಿನಕಾಯಿ ಬೀಸಿದ ಕಲ್ಲಿಗೇ ನಮ್ಮ ಹಿಟ್ಟನ್ನೂ ಹಾಕಿ ಕೊಟ್ಟ. ಆ ವಾರವೆಲ್ಲ ಮನೆಮಂದಿ ಗಂಜಿ ಕುಡಿದು ಮೂಗು ಒರೆಸಿಕೊಂಡರು. "ಹ್ಞಾಂ, ಈ ವಾರದ್ದು ಚಲೋ ಆಗೈತಿ ನೋಡು," ಎಂದದ್ದು ಅತ್ತೆ ಒಬ್ಬರೇ.

ಇನ್ನು ಕುಡಿಯುವವರ ಬೇಡಿಕೆಗಳು. ಯಜಮಾನರಿಗೆ ಉಪ್ಪಿಲ್ಲದ, ಸಕ್ಕರೆಯಿಲ್ಲದ, ಬಾದಾಮಿ ಅರೆದು ಹಾಕಿದ ತೆಳು ಗಂಜಿ. ರೋಜಾಳಿಗೆ ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ, ಮೇಲೆ ಬಾಳೆಹಣ್ಣಿನ ಬಿಲ್ಲೆಗಳು ವೃತ್ತಾಕಾರವಾಗಿ (ಫೋಟೋದಲ್ಲಿ ಚೆಂದ ಕಾಣಬೇಕಂತೆ). ಅತ್ತೆಗೆ ಅಂಬಲಿಯ ಜೊತೆಗೆ ಮೆಂತ್ಯದ ವಾಸನೆ ಬರುವ ಖಾರದ ಗಂಜಿ. ಒಂದು ಪಾತ್ರೆ, ಒಂದು ಸೌಟು ಎಂದು ಕನಸು ಕಂಡವಳು ಮೂರು ಪಾತ್ರೆಗಳ ಮುಂದೆ ನಿಂತು, ಒಂದರಲ್ಲಿ ಗಂಟು ಒಡೆಯುವಷ್ಟರಲ್ಲಿ ಇನ್ನೊಂದರಲ್ಲಿ ಗಂಟು ಕಟ್ಟುವುದನ್ನು ನೋಡುತ್ತಿದ್ದೆ. ಮೊದಲು ಕೋಳಿ ಕೂಗಿದಾಗ ಏಳುತ್ತಿದ್ದೆ. ಈಗ ನಾನು ಎದ್ದು ಪಾತ್ರೆ ಸದ್ದು ಮಾಡಿದಾಗ ಕೋಳಿ ಏಳುತ್ತಿತ್ತು.

ಅವರೆಲ್ಲ ಲೋಟ ಬಟ್ಟಲು ಎತ್ತಿಕೊಂಡು ಹಿತ್ತಲ ಕಟ್ಟೆಗೆ ಹೋಗಿ, "ಬೆಳಗಿನ ಬಿಸಿಲಿಗೆ ಕೂತು ಕುಡದ್ರ ಇನ್ನೂ ಒಳ್ಳೇದಂತ" ಎಂದು ಅಲ್ಲಿಯೇ ಕೂರುತ್ತಿದ್ದರು. ಬಟ್ಟಲುಗಳು ನೆಕ್ಕಿದಂತೆ ಖಾಲಿಯಾಗಿ ಬರುತ್ತಿದ್ದವು. ಅದೊಂದೇ ನನಗೆ ಸಮಾಧಾನ. ನಾನು? ಎಲ್ಲರೂ ಹೋದ ಮೇಲೆ ನಿನ್ನೆಯ ರೊಟ್ಟಿಗೆ ಶೇಂಗಾ ಚಟ್ನಿ ಸವರಿಕೊಂಡು, ನಿಂತೇ ತಿಂದು ಮಷಿನ್ನಿಗೆ ಕೂರುತ್ತಿದ್ದೆ. ನಿಮ್ಮಾಣೆ, ಆ ಗಂಜಿಯನ್ನು ಒಂದು ದಿನವೂ ಬಟ್ಟಲು ತುಂಬ ಕುಡಿದವಳಲ್ಲ. ಆರೋಗ್ಯಕ್ಕೂ ಪುರುಸೊತ್ತು ಬೇಕಲ್ಲ.

ಯಜಮಾನರ ಕೀರ್ತಿ ಮಾತ್ರ ದಿಕ್ಕುದಿಕ್ಕಿಗೆ ಹಬ್ಬಿತು. ದಿನಾ ಬೆಳಿಗ್ಗೆ ಬಟ್ಟಲಿನ ಫೋಟೋ ತೆಗೆದು ಆಫೀಸಿನ ಗುಂಪಿಗೆ ಹಾಕುತ್ತಿದ್ದರು. ಕೆಳಗೆ ಒಕ್ಕಣೆ: "ಮನೆಯ ಆರೋಗ್ಯ ಪೇಯ. ನಾವೇ ತಯಾರಿಸಿದ್ದು." ಇದನ್ನು ರೋಜಾ ತೋರಿಸಿದ ದಿನ ನನ್ನ ಬಾಯಿ ತೆರೆದದ್ದು ಮುಚ್ಚಲು ಮಧ್ಯಾಹ್ನವಾಯಿತು. ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಆಫೀಸುಗಳಿಂದೆಲ್ಲ ಅವರಿಗೆ ಫೋನು ಬರತೊಡಗಿತು. "ಮೊಳಕಿ ಎಷ್ಟುದ್ದ ಬರಬೇಕ್ರಿ ಸಾರ್?" ಎಂದು ಕೇಳಿದರೆ ಇವರು ಫೋನನ್ನು ಅಂಗೈಯಿಂದ ಮುಚ್ಚಿ, "ಲೇ, ಮೊಳಕಿ ಎಷ್ಟುದ್ದ ಬರಬೇಕು?" ಎಂದು ನನ್ನನ್ನು ಕೇಳಿ, ನನ್ನ ಉತ್ತರಕ್ಕೆ ಗಂಭೀರ ದನಿ ಸೇರಿಸಿ ಒಪ್ಪಿಸುತ್ತಿದ್ದರು.

ಊರ ಹೆಂಗಸರು ನನ್ನ ಮೇಲೆ ಮುನಿಸಿಕೊಂಡರು. ತಮ್ಮ ಗಂಡಂದಿರೂ ಗಂಜಿ ಕೇಳತೊಡಗಿದ್ದಾರೆಂದು. ಒಬ್ಬಳು ನನ್ನ ಹತ್ತಿರ ಹೊಲಿಯಲು ಕೊಟ್ಟಿದ್ದ ಬ್ಲೌಸನ್ನೇ ವಾಪಸು ಒಯ್ದಳು. ನಾಗಲಿಂಗಮ್ಮ ಮಾತ್ರ ಮುನಿಸಿಕೊಳ್ಳಲಿಲ್ಲ. ಆಕೆಯ ಎಮ್ಮೆಯ ಹಾಲು ಇತ್ತೀಚೆಗೆ ಬಲು ಗಟ್ಟಿಯಾಗಿ, ಕಾಯಿಸಿದರೆ ಅಂಗೈ ದಪ್ಪದ ಕೆನೆ ಬರುತ್ತಿತ್ತು. ನಾನು ಅದೇ ಹಾಲನ್ನು ಗಂಜಿಗೆ ಹಾಕುತ್ತಿದ್ದೆ.

"ಎಮ್ಮಿಗಿ ಏನ್ ಹಾಕಾಕ ಹತ್ತೀಯಕ್ಕ?" ಎಂದು ಕೇಳಿದರೆ ಆಕೆ ಕೈ ಮುಗಿದು, "ಎಲ್ಲಾ ನಿಮ್ಮನಿ ಪುಣ್ಯಾನವ್ವ," ಎನ್ನುತ್ತಿದ್ದಳು. ಎಂಥ ವಿನಯವಂತೆ ಎಂದುಕೊಂಡಿದ್ದೆ.

ಒಂದು ಶನಿವಾರ ಸಂಜೆ ನನ್ನ ತಾಳ್ಮೆ ಉಕ್ಕಿ ಒಲೆಗೆ ಬಿತ್ತು. ಯಜಮಾನರು, "ನಾಳೆಯಿಂದ ಗಂಜಿಗೆ ಅಗಸಿ ಬೀಜಾನೂ ಸೇರಸಬೇಕಂತ" ಎಂದದ್ದೇ ನೆಪ. ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದೆ. "ನಾ ಇನ್ನ ಒಲ್ಲೆ. ನಿದ್ದಿ ಇಲ್ಲದ ನನ್ನ ತಲಿ ಗಿರಗಿರ ಅನ್ನಾಕ ಹತ್ತೈತಿ. ಬೇಕಾದವರು ಕಾಸ್ಕೊಂಡು ಕುಡೀರಿ!"

ಆಮೇಲೆ ಯಜಮಾನರು ಎದ್ದು ನಿಂತು ಹೇಳಿದ ಮಾತಿಗೆ ನಾನು ಗೋಡೆ ಹಿಡಿದುಕೊಳ್ಳಬೇಕಾಯಿತು. "ಆತು. ನಾಳೆ ಐತವಾರ. ಗಂಜಿ ನಾ ಕಾಸ್ತೀನಿ. ಅಡಗಿ ಮನಿ ಎಲ್ಲಾ ನಂದು. ನೀ ಮಲಕ್ಕ."

"ನೀನಾ?" ಎಂದರು ಅತ್ತೆ.

"ನಾನೇ ಯವ್ವ. ಅದರಾಗೇನೈತಿ? ಇಡೀ ಆಫೀಸ್ ನಡಸ್ತೀನಿ."

"ಆಫೀಸ್ನ್ಯಾಗ ಬೆಂಕಿ ಇರಂಗಿಲ್ಲಪ್ಪ," ಎಂದು ಅತ್ತೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಭಾನುವಾರ. ಕತ್ತಲಿನ್ನೂ ಹರಿದಿಲ್ಲ. ಯಜಮಾನರು ನಿಜವಾಗಿಯೂ ಎದ್ದು ಅಡುಗೆಮನೆಗೆ ಹೋದರು. ನಾನು ಹೊದಿಕೆಯನ್ನು ಕುತ್ತಿಗೆ ತನಕ ಎಳೆದುಕೊಂಡೆ. ಚಳಿ ಹದವಾಗಿತ್ತು. ಕಣ್ಣು ಮುಚ್ಚಿದೆ.

"ರೇಣುಕಾ, ಲೈಟರ್ ಎಲ್ಲೈತಿ?"

"ಉಪ್ಪಿನ ಡಬ್ಬಿ ಹಿಂದ."

"ಉಪ್ಪಿನ ಡಬ್ಬಿ ಎಲ್ಲೈತಿ?"

"ಲೈಟರ್ ಮುಂದ."

ಕೊನೆಗೂ ಒಲೆ ಹತ್ತಿತು. "ನೀ ಏಳಬ್ಯಾಡ, ಮಲಕ್ಕ! ಬರೇ ಅಲ್ಲಿಂದ ಹೇಳು, ಇದು ಕುದಿಯಾಕ ಹತ್ತೈತೋ, ಉಕ್ಕಾಕ ಹತ್ತೈತೋ?"

"ಒಲಿ ಸಣ್ಣ ಮಾಡ್ರಿ!"

"ಮಾಡಿದೆ. ಆರಿತು. ಲೈಟರ್ ಎಲ್ಲೈತಿ?"

ಹೀಗೆ ನಾನು ಮಲಗಿಕೊಂಡೇ ಗಂಜಿ ಕಾಸಿದೆ. ಆಮೇಲೆ ಯಾಕೋ ಎಲ್ಲ ನಿಶ್ಶಬ್ದವಾಯಿತು. ಹಿತ್ತಲ ಕಡೆಯಿಂದ ಪಾತ್ರೆ ತಿಕ್ಕುವ ಸದ್ದು ಬಂತು. ನನ್ನ ಗಂಡ ಪಾತ್ರೆ ತಿಕ್ಕುತ್ತಿದ್ದಾರೆ! ಆ ಸದ್ದು ಯಾವ ಜೋಗುಳಕ್ಕೂ ಕಡಿಮೆಯಿರಲಿಲ್ಲ. ಕಣ್ಣ ರೆಪ್ಪೆಗಳು ಭಾರವಾದವು. ಎಷ್ಟೋ ವರ್ಷಗಳ ಹಿಂದೆ ಹೋಗಿದ್ದ ನಿದ್ದೆ ಕಾಲ ಹತ್ತಿರ ಬಂದು ಕೂತು, ನಿಧಾನವಾಗಿ ಮೇಲೆ ಏರತೊಡಗಿತು.

"ಯವ್ವಾ...! ನನ್ನ ಗಡಿಗಿ!"

ಅತ್ತೆಯ ಕೂಗಿಗೆ ನಾನು ಮಂಚದಿಂದ ಎದ್ದೆನೋ ಬಿದ್ದೆನೋ ತಿಳಿಯದು. ಹಿತ್ತಲಿಗೆ ಓಡಿದೆ. ಒಗೆಯುವ ಕಲ್ಲಿನ ಮೇಲೆ ಅತ್ತೆಯ ಅಂಬಲಿ ಗಡಿಗೆ ಬೋರಲು ಬಿದ್ದಿತ್ತು. ಕಪ್ಪಗಿದ್ದದ್ದು ಆಗ ತಾನೇ ಹುಟ್ಟಿದ ಕೂಸಿನಂತೆ ಕೆಂಪಗೆ ಹೊಳೆಯುತ್ತಿತ್ತು. ಅದು ಕೆಂಪು ಮಣ್ಣಿನ ಗಡಿಗೆ ಎಂದು ನನಗೆ ತಿಳಿದದ್ದೇ ಅವತ್ತು. ಪಕ್ಕದಲ್ಲಿ ಮೊಣಕೈ ತನಕ ಸೋಪಿನ ನೊರೆ ಮಾಡಿಕೊಂಡು, ಬಹುಮಾನಕ್ಕೆ ಕಾಯುವವರಂತೆ ನಗುತ್ತ ನಿಂತಿದ್ದರು ನನ್ನ ಗಂಡ.

"ಏನ್ ಹೊಲಸಾಗಿತ್ತು ಅಂತೀಯ! ಹುಳಿ ವಾಸನಿ ಬೇರೆ. ತಳದಾಗ ಅಂಟಿದ್ದು ಬಿಡವಲ್ದಾಗಿತ್ತು. ಉಗುರಿಲೆ ಕೆರದು ತಗದೆ. ಎಷ್ಟು ದಿನ ಆಗಿತ್ತು ಇದನ್ನ ತೊಳದು?"

"ತೊಳದಾ ಇಲ್ಲ," ಎಂದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅಂಬಲಿ ಗಡಿಗೆಯನ್ನು ತೊಳೆಯುವುದಿಲ್ಲ. ಸಂಜೆ ಜೋಳದ ಹಿಟ್ಟು ಕಾಸಿ, ಆರಿಸಿ, ಗಡಿಗೆಯ ತಳದಲ್ಲಿ ಉಳಿದಿರುವ ಹಳೆಯ ಹುಳಿಯ ಮೇಲೆ ಹುಯ್ದರೆ ಬೆಳಿಗ್ಗೆ ಅಂಬಲಿ ಹುಳಿಯಾಗುತ್ತದೆ. ಬೆಳಿಗ್ಗೆ ಬೇಕಾದಷ್ಟು ಎತ್ತಿ ತಳದ ಹುಳಿಯನ್ನು ಹಾಗೇ ಬಿಡಬೇಕು, ಅದು ನಾಳೆಯ ಬೀಜ. ಅತ್ತೆ ಮದುವೆಯಾಗಿ ಬರುವಾಗ ಹೊಸಹಳ್ಳಿಯ ತವರಿನಿಂದ ಮಡಿಲಲ್ಲಿ ತಂದ ಹುಳಿ ಅದು. ಮಗನಿಗಿಂತ ಮುಂಚೆ ಈ ಮನೆಗೆ ಬಂದದ್ದು. ಮಗ ಅದನ್ನು, ನಿನ್ನೆ ಸಂಜೆ ಹುಯ್ದ ಅಂಬಲಿಯ ಸಮೇತ, ಉಗುರಿನಿಂದ ಕೆರೆದು ಮೋರಿಗೆ ಬಿಟ್ಟಿದ್ದರು.

ಅತ್ತೆ ಹೊಸ್ತಿಲಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡರು. "ನಮ್ಮವ್ವನ ಕೈ ಹುಳಿಯಪ್ಪೋ ಅದು... ಬರಗಾಲದಾಗೂ ಆರಲಿಲ್ಲ... ನನ್ನ ಹೊಟ್ಟ್ಯಾಗ ಹುಟ್ಟಿ ನೀನಾ ಅದಕ್ಕ ಸೋಪು ಹಚ್ಚಿದೇನೋ ಮೈಲಾರಿ!"

ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಸತ್ತವರ ಮನೆಗೆ ಬಂದಂತೆ ಗಡಿಗೆಯ ಸುತ್ತ ನಿಂತರು. "ಹೆಂಗಾತವ್ವ?" "ನಿನ್ನೆ ಸಂಜಿ ತನಕ ಚೆನ್ನಾಗಿತ್ತಂತ." "ಯಾರ ಕೈಲೆ?" ಎಲ್ಲರೂ ಯಜಮಾನರನ್ನು ನೋಡಿದರು. ಅವರು ನೊರೆಯ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಇಷ್ಟು ವರ್ಷಕ್ಕೆ ಒಮ್ಮೆಯಾದರೂ ತಪ್ಪು ಯಾರದೆಂದು ಲೋಕಕ್ಕೆಲ್ಲ ಕಂಡಿತಲ್ಲ ಎಂದು ನನ್ನೊಳಗೆ, ನಾಚಿಕೆಯಾದರೂ ಹೇಳುತ್ತೇನೆ, ಸಣ್ಣ ಸಂತೋಷವಾಯಿತು.

ಆಗ ಅತ್ತೆ ಮೂಗು ಒರೆಸಿಕೊಂಡು ಹೇಳಿದರು. "ಅವನೇನ್ ಮಾಡ್ಯಾನು, ಪಾಪ, ಗಂಡುಮಗ. ಮನಿ ಹೆಂಗಸು ಬಿಸಿಲು ಬರೋ ತನಕ ಮಲಕ್ಕಂಡ್ರ ಇದಾ ಆಗೋದು."

ಎಲ್ಲರ ಕಣ್ಣುಗಳೂ ಯಜಮಾನರನ್ನು ಬಿಟ್ಟು ನನ್ನ ಕಡೆ ತಿರುಗಿದವು. ಬಿಸಿಲು! ಇನ್ನೂ ಬೆಳಕೇ ಪೂರ್ತಿ ಬಂದಿರಲಿಲ್ಲ. ಯಜಮಾನರು ನಿಧಾನವಾಗಿ ಕೈಗಳನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ತಂದು, "ಹೋಗ್ಲಿ ಬಿಡವ್ವ, ಆಕಿಗೂ ಏನೂ ಅನಬ್ಯಾಡ," ಎಂದು ದೊಡ್ಡ ಮನಸ್ಸು ತೋರಿಸಿದರು.

ಅದಾದ ಮೇಲೆ ಅವರು ವಾಕಿಂಗ್ ಎಂದು ಹೊರಟರು. ಅತ್ತೆ, ಗಡಿಗೆಯ ಪಾಪಕ್ಕೆ ದೇವರಿಗೆ ಕೈಮುಗಿದು ಬರುತ್ತೇನೆಂದು ರೋಜಾಳನ್ನು ಕರೆದುಕೊಂಡು ಹೋದರು. "ಆ ಹುಳಿ ಮತ್ತ ಗಡಿಗ್ಯಾಗ ಕೂಡೋ ತನಕ ನಾ ಒಂದು ತುತ್ತು ಬಾಯಾಗ ಹಾಕಂಗಿಲ್ಲ," ಎಂದು ಹೊಸ್ತಿಲು ದಾಟುವಾಗ ಹೇಳಿದರು. ಅದನ್ನು ಕೂಡಿಸುವ ಹೊಣೆ ಯಾರದೆಂದು ಯಾರೂ ಹೇಳಲಿಲ್ಲ. ವಿಡಿಯೋದಲ್ಲಿಯೂ ಹೇಳುವುದಿಲ್ಲವಲ್ಲ, ಹಾಗೆ.

ನನಗೆ ನೆನಪಿದ್ದದ್ದು ಒಂದೇ. ನಾಗಲಿಂಗಮ್ಮ ಸೊಸೆಯಾಗಿ ಬಂದಾಗ ನಮ್ಮತ್ತೆಯೇ ಆಕೆಗೆ ಈ ಹುಳಿ ಕೊಟ್ಟಿದ್ದರು. ಹಾಗಾದರೆ ಹೊಸಹಳ್ಳಿಯ ಹುಳಿ ಬೇಲಿಯಾಚೆ ಜೀವಂತವಾಗಿದೆ! ಬಟ್ಟಲು ಹಿಡಿದು ಓಡಿದೆ. ನಾಗಲಿಂಗಮ್ಮ ಎಮ್ಮೆಯ ಮೈ ತೊಳೆಯುತ್ತಿದ್ದಳು. ಎಮ್ಮೆ ಎಣ್ಣೆ ಸವರಿದಂತೆ ಮಿರಮಿರ ಮಿಂಚುತ್ತಿತ್ತು. ಕೇಳಿದ ಕೂಡಲೇ ಆಕೆ ಒಳಗೆ ಹೋಗಿ ಬಟ್ಟಲು ತುಂಬ ಅಂಬಲಿ ತಂದಳು. "ತಗಾಳವ್ವ. ನಿಮ್ಮನಿದಾ. ಆದ್ರ ಒಂದು ಮಾತು, ಗಂಜಿ ಮಾತ್ರ ನಿಲ್ಲಸಬ್ಯಾಡ."

"ಯಾವ ಗಂಜಿ?"

"ಅದಾ, ದಿನಾ ಮುಸುರಿ ಬಕೆಟ್ನ್ಯಾಗ ಹಾಕಿ ಕೊಡ್ತೀರಲ್ಲ. ಎಮ್ಮಿಗಿ ರೂಢಿ ಬಿದ್ದೈತಿ. ಬಾದಾಮಿದು ಬಾಳ ಸೇರ್ತೈತಿ ಅದಕ್ಕ. ಬಾಳಿಹಣ್ಣಿಂದೂ ಆಗ್ತೈತಿ. ಆ ಖಾರ ಹಾಕಿದ ವಾರ ಮಾತ್ರ ಮೂಸಿ ನೋಡಿ ಮುಖ ತಿರುವಿತು."

ನಾನು ಎಮ್ಮೆಯನ್ನು ನೋಡಿದೆ. ಎಮ್ಮೆ ನನ್ನನ್ನು ನೋಡಿತು, ಅಡುಗೆಯವಳನ್ನು ಗುರುತು ಹಿಡಿದವರ ಹಾಗೆ. ಹಿತ್ತಲ ಕಟ್ಟೆಯ ಬೆಳಗಿನ ಬಿಸಿಲು, ನೆಕ್ಕಿದಂತೆ ಖಾಲಿಯಾದ ಬಟ್ಟಲುಗಳು, ಅಂಗೈ ದಪ್ಪದ ಕೆನೆ, ಎಲ್ಲವೂ ಒಂದೊಂದಾಗಿ ನನ್ನ ತಲೆಯೊಳಗೆ ಸಾಲಾಗಿ ನಿಂತವು. ನಾನು ನೆನೆಸಿ, ಒಣಗಿಸಿ, ಹುರಿದು, ಬೀಸಿಸಿ, ಗಂಟು ಒಡೆದು ಕಾಸಿದ ಗಂಜಿಯನ್ನು ಈ ಎಮ್ಮೆ ಕುಡಿದು ಹಾಲು ಕೊಟ್ಟಿದೆ. ಆ ಹಾಲನ್ನು ನಾನು ಕೊಂಡು ಗಂಜಿಗೆ ಹಾಕಿದ್ದೇನೆ. ಆ ಗಂಜಿಯನ್ನು ಮತ್ತೆ ಎಮ್ಮೆ ಕುಡಿದಿದೆ.

"ಮತ್ತ ನಮ್ಮವರು... ನಾಷ್ಟಾ?" ಎಂದು ತೊದಲಿದೆ.

"ಅಯ್ಯ, ನಿನಗ ಗೊತ್ತಿಲ್ಲೇನು? ಬಸ್ ಸ್ಟ್ಯಾಂಡ್ ಹತ್ರ ಹುಲುಗಣ್ಣನ ಮಿರ್ಚಿ ಅಂಗಡ್ಯಾಗ. ನಮ್ಮನಿಯಾತ ದಿನಾ ನೋಡ್ತಾನ."

ಬಟ್ಟಲಿಗೆ ಸೆರಗು ಮುಚ್ಚಿಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದೆ. ನಡೆದೆನೋ ಹಾರಿದೆನೋ. ಹುಲುಗಣ್ಣನ ಬಾಣಲೆಯಲ್ಲಿ ಮಿರ್ಚಿ ಚುರ್ರೆನ್ನುತ್ತಿತ್ತು. ಮುಂದಿನ ಬೆಂಚಿನ ಮೇಲೆ ನನ್ನ ಗಂಡ, ಕೈಯಲ್ಲಿ ಒಗ್ಗರಣೆ ಮಂಡಕ್ಕಿಯ ತಟ್ಟೆ. ಪಕ್ಕದಲ್ಲಿ ರೋಜಾ, ಬಾಯಲ್ಲಿ ಅರ್ಧ ಮಿರ್ಚಿ. ಅವಳ ಪಕ್ಕದಲ್ಲಿ, ಒಂದು ತುತ್ತೂ ಬಾಯಿಗೆ ಹಾಕುವುದಿಲ್ಲ ಎಂದ ನಮ್ಮತ್ತೆ, ಮಿರ್ಚಿಯ ತೊಟ್ಟು ಹಿಡಿದು ಊದಿ ಊದಿ ಆರಿಸಿಕೊಳ್ಳುತ್ತಿದ್ದರು.

ಮೂವರೂ ನನ್ನನ್ನು ನೋಡಿ ಕಲ್ಲಾದರು. ಮೊದಲು ಮಾತು ಬಂದದ್ದು ಅತ್ತೆಗೆ. "ಏನ್ ಮಾಡ್ಲವಾ, ಗಡಿಗಿ ತೊಳದಾನ, ಹೊಟ್ಟಿ ತೊಳದಿಲ್ಲಲ್ಲ."

"ಮಮ್ಮಿ, ಫೋಟೋಕ್ಕ ಚಂದ ಇರ್ತಿತ್ತು, ಆದ್ರ ಕುಡಿಯಾಕ..." ಎಂದಳು ರೋಜಾ.

"ನಿನಗ ಬ್ಯಾಸರ ಆಗಬಾರ್ದು ಅಂತ ಹೇಳಿರಲಿಲ್ಲ," ಎಂದರು ಯಜಮಾನರು, ತ್ಯಾಗಮೂರ್ತಿಯಂತೆ.

ಹುಲುಗಣ್ಣ ಜಾಲರಿ ಎತ್ತಿ ಕೇಳಿದ. "ಅಕ್ಕಾರ, ನೀವೂ ಬಂದ್ರಿ, ಬಾಳ ಚಲೋ ಆತು. ಒಂದು ಪ್ಲೇಟ್ ಹಾಕ್ಲ್ಯಾ?"

ನಾನು ಬೆಂಚು ನೋಡಿದೆ. ಮೂವರೂ ಹರವಿಕೊಂಡು ಕೂತಿದ್ದರು. ಒಬ್ಬರೂ ಸರಿಯಲಿಲ್ಲ. "ಬ್ಯಾಡಣ್ಣ," ಎಂದು ತಿರುಗಿ ಬಂದೆ.

ಮನೆಯಲ್ಲಿ ಯಾರೂ ಇಲ್ಲ. ಒಲೆ ಆರಿದೆ. ಎದ್ದಾಗಿನಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ. ಒಲೆಯ ಮೇಲೆ ಯಜಮಾನರು ಕಾಸಿದ ಗಂಜಿ ಇತ್ತು. ಸೌಟಿನಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಅಯ್ಯೋ ದೇವರೇ. ಗೋಡೆಗೆ ಸುಣ್ಣ ಹಚ್ಚಲು ಬರುತ್ತಿತ್ತು. ಇದು ಅವರ ಕೈಗುಣ ಎಂದುಕೊಂಡು, ನಿನ್ನೆ ನಾನೇ ಕಾಸಿ ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ನೆಕ್ಕಿ ನೋಡಿದೆ. ಅದೂ ಅದೇ ಸುಣ್ಣ, ಬಾದಾಮಿ ಹಾಕಿದ ಸುಣ್ಣ. ಇಷ್ಟು ದಿನ ನಾನು ಮನೆಮಂದಿಗೆ ಇದನ್ನು ಕೊಟ್ಟು, ಬಟ್ಟಲು ಖಾಲಿಯಾಯಿತೆಂದು ಹಿಗ್ಗುತ್ತಿದ್ದೆನೇ? ಎಮ್ಮೆಯ ಮೇಲೆ ನನಗೆ ಮೊದಲ ಸಲ ಗೌರವ ಬಂತು.

ನೆಲಕ್ಕೆ ಕೂತೆ. ಮುಂದೆ ನಾಗಲಿಂಗಮ್ಮ ಕೊಟ್ಟ ಅಂಬಲಿ. ಗಡಿಗೆಗೆ ಹುಯ್ಯಬೇಕಾದದ್ದು. ರುಚಿ ಕೆಟ್ಟಿದ್ದ ನಾಲಿಗೆಗೆ ಒಂದು ಗುಟುಕು ಮಾತ್ರ ಎಂದು ಎತ್ತಿದೆ. ತಂಪಗೆ, ಹುಳಿಯಾಗಿ, ಗಂಟಲಿನಿಂದ ಹೊಟ್ಟೆಯ ತನಕ ಒಂದು ದಾರಿ ತೆರೆದುಕೊಂಡು ಇಳಿಯಿತು. ಎದ್ದು ಉಳ್ಳಾಗಡ್ಡಿ ಹೆಚ್ಚಿದೆ. ಹಸಿ ಮೆಣಸಿನಕಾಯಿ ಕಚ್ಚಿಕೊಂಡೆ. ಮಜ್ಜಿಗೆ ಬೆರೆಸಿದೆ. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಯಾರಿಗೂ ಬಡಿಸದೆ, ಯಾರ ಡಬ್ಬಿಯನ್ನೂ ನೆನೆಯದೆ ಕುಡಿದೆ. ಇಷ್ಟು ವರ್ಷ ಇದನ್ನು ದಿನಾ ಎತ್ತಿ ಎತ್ತಿ ಅತ್ತೆಗೆ ಕೊಟ್ಟಿದ್ದೇನೆ, ನನಗೊಂದು ಬಟ್ಟಲು ಹುಯ್ದುಕೊಳ್ಳಬೇಕೆಂದು ಹೊಳೆದೇ ಇರಲಿಲ್ಲ. ಬಟ್ಟಲು ಕೆಳಗಿಟ್ಟಾಗ ಅದರಲ್ಲಿ ಏನೂ ಉಳಿದಿರಲಿಲ್ಲ.

ಏನೂ ಉಳಿದಿರಲಿಲ್ಲ! ಬೀಜ ಕುಡಿದುಬಿಟ್ಟಿದ್ದೆ.

ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿ ಸದ್ದು. ಅತ್ತೆಯ ದನಿ. "ರೇಣುಕಾ, ಹುಳಿ ಸಿಕ್ತೇನವಾ?"

ಬಾಯಿ ಒರೆಸಿಕೊಂಡೆ. ಆಮೇಲೆ ನನ್ನ ಬಾಯಿಂದ ಬಂದ ಮಾತು ಎಲ್ಲಿಂದ ಬಂತೋ ನನಗೆ ಈಗಲೂ ತಿಳಿಯದು.

"ನಾಗಲಿಂಗಕ್ಕ ಕೊಡ್ತಾಳಂತತ್ತಿ. ಆದ್ರ ಗಡಿಗಿ ತೊಳದವರಾ ಹೋಗಿ ತರಬೇಕಂತ. ನಾಳೆ ಬೆಳಕು ಹರಿಯೋಕಿಂತ ಮೊದಲ. ಬರಿಗೈಲೆ ಹೋಗಬಾರ್ದಂತ. ತಮ್ಮ ಕೈಲೆ ಗಂಜಿ ಕಾಸಿ, ಒಯ್ದು ಎಮ್ಮಿಗಿ ಕುಡಿಸಿ, ಆಮ್ಯಾಲ ಹುಳಿ ಇಸಗೋಬೇಕಂತ. ಇಲ್ಲಂದ್ರ ಹುಳಿ ಕೂಡಂಗಿಲ್ಲಂತ."

ಯಜಮಾನರು, "ಹಂಗೆಲ್ಲ ಎಲ್ಲೈತಿ?" ಎಂದರು.

ಅತ್ತೆ ಕಣ್ಣು ಸಣ್ಣ ಮಾಡಿ ಬಹಳ ಹೊತ್ತು ಯೋಚಿಸಿದರು. "ಐತಿ," ಎಂದರು. "ನಮ್ಮ ಹೊಸಹಳ್ಳಿ ಕಡಿಗೂ ಹಂಗಾ ಅಂತಿದ್ರು. ನಮ್ಮವ್ವ ಹೇಳ್ತಿದ್ಲು. ನನಗ ಮರತು ಹೋಗಿತ್ತು."

ನಾನು ಆಗ ತಾನೇ ಹುಟ್ಟಿಸಿದ ಪದ್ಧತಿಗೆ ಇಷ್ಟು ವಯಸ್ಸಾಗಿದೆ ಎಂದು ಕೇಳಿ ನಾನೇ ದಂಗಾದೆ.

ಸೋಮವಾರ. ಕತ್ತಲು. ರೂಢಿಯಂತೆ ನನಗೆ ಎಚ್ಚರವಾಯಿತು. ಯಜಮಾನರ ಫೋನು ಕೂಗಿತು. ಅತ್ತೆ ಹೊರಕೋಣೆಯಿಂದ, "ಹ್ಞೂಂ, ನಡಿ" ಎಂದರು. ಯಜಮಾನರು ತಡವರಿಸುತ್ತ ಅಡುಗೆಮನೆಗೆ ಹೋದರು.

"ರೇಣುಕಾ, ಲೈಟರ್ ಎಲ್ಲೈತಿ?"

ಉಪ್ಪಿನ ಡಬ್ಬಿಯ ಹಿಂದೆ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ತುಟಿ ಕಚ್ಚಿ ಹಿಡಿದೆ.

"ರೇಣುಕಾ?"

ಗೊರಕೆಯಂಥ ಒಂದು ಸದ್ದು ಮಾಡಿದೆ. ಡಬ್ಬಿಗಳು ಒಂದರ ಮೇಲೊಂದು ಬಿದ್ದವು. ಬಹಳ ಹೊತ್ತಿನ ಮೇಲೆ ಒಲೆ ಹತ್ತಿದ ಸದ್ದು ಬಂತು. ಸೌಟು ತಿರುಗಿತು, ನಿಂತಿತು, ಬೈಗುಳ ಕೇಳಿತು, ಮತ್ತೆ ತಿರುಗಿತು. ಗಂಟು ಕಟ್ಟುತ್ತಿದೆ, ನನಗೆ ಗೊತ್ತು. ಕೊನೆಗೆ ಹಿತ್ತಲ ಬಾಗಿಲು ತೆರೆಯಿತು. ಪಾತ್ರೆ ಹಿಡಿದುಕೊಂಡು ಬೇಲಿಯ ಕಡೆ ನಡೆದ ಹೆಜ್ಜೆ ಸದ್ದು.

ಆಗ, ನಿದ್ದೆ ಕಾಲ ಹತ್ತಿರ ಬಂದು ಕೂರುವಷ್ಟರಲ್ಲಿ, ನನಗೆ ಹೊಳೆಯಿತು. ನಾಗಲಿಂಗಮ್ಮ ಈಗ ಏನು ಹೇಳುತ್ತಾಳೆ? "ಅಯ್ಯ, ಯಾವ ಪದ್ಧತಿಯಪಾ? ನಿನ್ನೆನಾ ಬಟ್ಟಲು ತುಂಬ ಕೊಟ್ಟು ಕಳಿಸೀನಲ್ಲ ನಿಮ್ಮನಿಯಾಕಿ ಕೈಲೆ!"

ಎದ್ದರೆ, ಮುಂದಿನ ಬಾಗಿಲಿನಿಂದ ಓಡಿದರೆ, ಅವರಿಗಿಂತ ಮುಂಚೆ ಆಕೆಯನ್ನು ಹಿಡಿದು ಕಣ್ಸನ್ನೆ ಮಾಡಬಹುದು. ಆದರೆ ಗಂಜಿ ಬಿಸಿಯಿದೆ. ಎಮ್ಮೆ ಬಿಸಿಯದನ್ನು ಮುಟ್ಟುವುದಿಲ್ಲ. ಆರುವ ತನಕ ಅವರು ಅಲ್ಲಿ ನಿಂತಿರಬೇಕು. ನಾಗಲಿಂಗಮ್ಮ ಹಾಲು ಹಿಂಡಿ ಮುಗಿಸಿ ಆಮೇಲೆ ಮಾತಿಗೆ ಕೂರುವವಳು.

ಚಳಿ ಹದವಾಗಿತ್ತು. ಕತ್ತಲು ಈಗ ತಾನೇ ಕರಗತೊಡಗಿತ್ತು. ನಾನು ಗೋಡೆಯ ಕಡೆ ಹೊರಳಿ, ಹೊದಿಕೆಯನ್ನು ತಲೆ ತುಂಬ ಎಳೆದುಕೊಂಡೆ.